ನವೆಂಬರ್ 7: ಒಂದೇ ದಿನ ಹುಟ್ಟಿದ ಮೂವರು

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ನವೆಂಬರ್ ಏಳಕ್ಕೆ ಕೆಂಪು ಬಣ್ಣವಿಲ್ಲ. ಅಂದು ಶಾಲೆಗೆ ರಜೆಯೂ ಇರುವುದಿಲ್ಲ. ರಾಜ್ಯೋತ್ಸವದ ಸಡಗರ ಆಗಷ್ಟೇ ಮುಗಿದಿರುತ್ತದೆ, ಮಕ್ಕಳ ದಿನಾಚರಣೆಗೆ ಇನ್ನೂ ಒಂದು ವಾರ. ಆದರೆ ವಿಜ್ಞಾನದಲ್ಲಿ ಆಸಕ್ತಿಯಿರುವ ಮಕ್ಕಳು ಈ ತಾರೀಕಿಗೆ ಒಂದು ಗುರುತು ಹಾಕಿಕೊಳ್ಳಬಹುದು. 1867, 1878 ಮತ್ತು 1888ರಲ್ಲಿ ಇದೇ ದಿನ ಮೂವರು ದೊಡ್ಡ ವಿಜ್ಞಾನಿಗಳು ಹುಟ್ಟಿದರು. ವಾರ್ಸಾದಲ್ಲಿ ಮೇರಿ ಕ್ಯೂರಿ, ವಿಯೆನ್ನಾದಲ್ಲಿ ಲೀಸ ಮೈಟ್ನರ್, ತಿರುಚಿರಾಪಳ್ಳಿಯಲ್ಲಿ ಸಿ.ವಿ. ರಾಮನ್.

ಮೊದಲ ಮತ್ತು ಕೊನೆಯ ಹೆಸರು ರಸಪ್ರಶ್ನೆಯ ಪುಸ್ತಕ ಓದುವ ಎಲ್ಲರಿಗೂ ಗೊತ್ತು. ನಡುವಿನ ಹೆಸರನ್ನು ಎಷ್ಟು ಮಂದಿ ಕೇಳಿದ್ದೀರಿ?

ಮೇರಿ ಹುಟ್ಟಿದಾಗ ವಾರ್ಸಾ ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನ್ಯ ಮತ್ತು ಮೇರಿ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳಿಸುವುದು; ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಂಡು ಓದಿಸುವುದು. ಮೇರಿ ಸ್ಥಿತಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ವರ್ಷಗಳನ್ನು ಕಳೆದರು. 1891ರಲ್ಲಿ ಪ್ಯಾರಿಸ್ ಸೇರಿ, ಎರಡೇ ವರ್ಷದಲ್ಲಿ ಭೌತವಿಜ್ಞಾನದ ಪರೀಕ್ಷೆಯಲ್ಲಿ ಮೊದಲಿಗರಾದರು.

ಪೊಲೋನಿಯಮ್, ರೇಡಿಯಮ್‌ಗಳ ಕಥೆ ನಿಮ್ಮ ಪಾಠಪುಸ್ತಕದಲ್ಲೇ ಇರುತ್ತದೆ. ಅಲ್ಲಿರದ ಒಂದು ಸಂಗತಿ ಹೇಳುತ್ತೇನೆ. 1903ರ ನೊಬೆಲ್ ಪ್ರಶಸ್ತಿಗೆ ಫ್ರಾನ್ಸಿನ ವಿಜ್ಞಾನಿಗಳು ಕಳಿಸಿದ ಶಿಫಾರಸಿನಲ್ಲಿ ಮೇರಿಯ ಹೆಸರೇ ಇರಲಿಲ್ಲ! ಬೆಕೆರೆಲ್ ಮತ್ತು ಮೇರಿಯ ಗಂಡ ಪಿಯೇರ್, ಇಬ್ಬರ ಹೆಸರು ಮಾತ್ರ ಇತ್ತು. ಸ್ವೀಡನ್ನಿನ ಗಣಿತಜ್ಞರೊಬ್ಬರು ಈ ವಿಷಯವನ್ನು ಪಿಯೇರ್‌ಗೆ ತಿಳಿಸಿದರು. ಈ ಕೆಲಸದಲ್ಲಿ ಮೇರಿಯನ್ನು ಬಿಟ್ಟು ತನ್ನನ್ನು ಮಾತ್ರ ಪರಿಗಣಿಸುವುದು ಸರಿಯಲ್ಲ ಎಂದು ಪಿಯೇರ್ ಪತ್ರ ಬರೆದ ಮೇಲೆ ಹೆಸರು ಸೇರಿತು. 1911ರ ಜನವರಿಯಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಕೆಲವೇ ಮತಗಳ ಅಂತರದಲ್ಲಿ ಮೇರಿಗೆ ಸದಸ್ಯತ್ವ ನಿರಾಕರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ರಸಾಯನವಿಜ್ಞಾನದ ನೊಬೆಲ್ ಪಡೆದರು. ಎರಡು ಬೇರೆ ಬೇರೆ ವಿಜ್ಞಾನಗಳಲ್ಲಿ ನೊಬೆಲ್ ಗಳಿಸಿದ ಇನ್ನೊಬ್ಬರು ಇಂದಿಗೂ ಇಲ್ಲ. ಅವರ ಟಿಪ್ಪಣಿ ಪುಸ್ತಕಗಳಿಂದ ಈಗಲೂ ವಿಕಿರಣ ಹೊಮ್ಮುತ್ತಿದೆ. ಪ್ಯಾರಿಸ್ಸಿನಲ್ಲಿ ಅವನ್ನು ಸೀಸದ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ.

ಇನ್ನು ಲೀಸ ಮೈಟ್ನರ್. ವಿಯೆನ್ನಾದ ಯಹೂದಿ ಸಮುದಾಯದ ಜನನ ದಾಖಲೆಯಲ್ಲಿ ಇವರ ಹುಟ್ಟಿದ ದಿನ ನವೆಂಬರ್ 17 ಎಂದಿದೆ, ಉಳಿದ ಕಾಗದಪತ್ರಗಳಲ್ಲಿ 7. ಅವರು ಆಚರಿಸುತ್ತಿದ್ದುದು ಏಳನೇ ತಾರೀಕನ್ನೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜನ್ಮದಿನವಾದ ಅಜ್ಜ ಅಜ್ಜಿಯರು ನಮ್ಮ ಮನೆಗಳಲ್ಲೂ ಇದ್ದಾರಲ್ಲ, ಆದ್ದರಿಂದ ನಮಗೆ ಇದು ವಿಚಿತ್ರವೆನಿಸಬೇಕಿಲ್ಲ.

1906ರಲ್ಲಿ ಡಾಕ್ಟರೇಟ್ ಪಡೆದ ಲೀಸ ಮರುವರ್ಷ ಬರ್ಲಿನ್ನಿಗೆ ಬಂದರು. ಒಟ್ಟೊ ಹಾನ್ ಎಂಬ ರಸಾಯನವಿಜ್ಞಾನಿಗೆ ಜೊತೆಯಲ್ಲಿ ಕೆಲಸ ಮಾಡಲು ಭೌತವಿಜ್ಞಾನಿಯೊಬ್ಬರು ಬೇಕಾಗಿತ್ತು. ಆದರೆ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶ ನಿಷಿದ್ಧ! ಕಡೆಗೆ ನೆಲಮಾಳಿಗೆಯಲ್ಲಿ ಬಡಗಿಯ ಕೆಲಸಕ್ಕೆಂದು ಮಾಡಿದ್ದ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಅದಕ್ಕೆ ಹೊರಗಿನಿಂದ ಬೇರೆ ಬಾಗಿಲಿತ್ತು. ಮಹಡಿಯ ಪ್ರಯೋಗಾಲಯಗಳಿಗೆ ಲೀಸ ಕಾಲಿಡುವಂತಿರಲಿಲ್ಲ. ಶೌಚಕ್ಕೂ ಹತ್ತಿರದ ಹೋಟೆಲಿಗೆ ನಡೆದುಹೋಗಬೇಕಾಗಿತ್ತು. ಒಂದೆರಡು ವರ್ಷಗಳ ನಂತರ ಆ ನಿಷೇಧ ಹೋಯಿತು. ಲೀಸ ಮತ್ತು ಹಾನ್ ಮೂವತ್ತು ವರ್ಷ ಜೊತೆಯಾಗಿ ಸಂಶೋಧನೆ ನಡೆಸಿದರು.

ಆಮೇಲೆ ಹಿಟ್ಲರ್ ಬಂದ. 1938ರ ಜುಲೈಯಲ್ಲಿ, ಅರವತ್ತರ ಹೊಸ್ತಿಲಲ್ಲಿದ್ದ ಲೀಸ ಜರ್ಮನಿಯಿಂದ ತಪ್ಪಿಸಿಕೊಂಡು ಹೊರಟರು. ಕೈಯಲ್ಲಿ ಹಣವಿರಲಿಲ್ಲ. ದಾರಿಯಲ್ಲಿ ಕಷ್ಟ ಬಂದರೆ ಇರಲಿ ಎಂದು ಹಾನ್ ತಮ್ಮ ತಾಯಿಯ ವಜ್ರದುಂಗುರವನ್ನು ಕೊಟ್ಟರು. ಹಾಲೆಂಡಿನ ಮೂಲಕ ಲೀಸ ಸ್ವೀಡನ್ ಸೇರಿದರು.

ಅದೇ ಡಿಸೆಂಬರಿನಲ್ಲಿ ಹಾನ್‌ರಿಂದ ಒಂದು ಕಾಗದ ಬಂತು. ಯುರೇನಿಯಮ್‌ಗೆ ನ್ಯೂಟ್ರಾನ್ ಬಡಿದಾಗ ಅದಕ್ಕಿಂತ ಎಷ್ಟೋ ಹಗುರವಾದ ಬೇರಿಯಮ್ ಸಿಗುತ್ತಿದೆ, ಇದು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಕ್ರಿಸ್ಮಸ್ ರಜೆಗೆ ಬಂದಿದ್ದ ಅಕ್ಕನ ಮಗ ಒಟ್ಟೊ ಫ್ರಿಷ್ ಜೊತೆ ಲೀಸ ಹಿಮದಲ್ಲಿ ತಿರುಗಾಡಲು ಹೋದರು. ಬಿದ್ದಿದ್ದ ಮರದ ಬೊಡ್ಡೆಯ ಮೇಲೆ ಕೂತು ಚೂರುಪಾರು ಕಾಗದದಲ್ಲಿ ಲೆಕ್ಕ ಹಾಕಿದರು. ಪರಮಾಣುವಿನ ಬೀಜ ನೀರಿನ ಹನಿಯಂತೆ ಎಳೆದುಕೊಂಡು, ಸೊಂಟ ಸಣ್ಣಗಾಗಿ, ಎರಡು ಹೋಳಾಗುತ್ತಿದೆ ಎಂಬುದು ಹೊಳೆಯಿತು. ಹೋಳುಗಳ ಒಟ್ಟು ತೂಕ ಮೊದಲಿಗಿಂತ ತುಸು ಕಡಿಮೆ. ಕಾಣೆಯಾದ ಆ ತೂಕವೇ ಅಪಾರ ಶಕ್ತಿಯಾಗಿ ಹೊರಬರುತ್ತಿತ್ತು. ನಮ್ಮ ಕೈಗಾದ ರಿಯಾಕ್ಟರುಗಳು ವಿದ್ಯುತ್ ಕೊಡುತ್ತಿರುವುದು ಇದೇ ವಿದಳನದಿಂದ.

1944ರ ರಸಾಯನವಿಜ್ಞಾನದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಲೀಸ ಅವರ ಹೆಸರನ್ನು ಜೀವಮಾನದಲ್ಲಿ 40ಕ್ಕೂ ಹೆಚ್ಚು ಸಲ ಸೂಚಿಸಲಾಗಿತ್ತು, ಒಮ್ಮೆಯೂ ಬರಲಿಲ್ಲ. ಅಣುಬಾಂಬಿನ ಕೆಲಸಕ್ಕೆ ಕರೆ ಬಂದಾಗ ಅವರು ಒಪ್ಪಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮೂಲವಸ್ತುಗಳ ಆವರ್ತ ಕೋಷ್ಟಕ ನಿಮ್ಮ ಬಳಿ ಇದ್ದರೆ ತೆಗೆದು ನೋಡಿ: 96ನೆಯದು ಕ್ಯೂರಿಯಮ್, 109ನೆಯದು ಮೈಟ್ನೇರಿಯಮ್. ಹಾನ್ ಹೆಸರಿನ ಮೂಲವಸ್ತು ಅಲ್ಲಿಲ್ಲ.

ಮೂರನೆಯವರು ನಮ್ಮವರು. ರಾಮನ್ ಚುರುಕು ಹುಡುಗ. 1907ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾದರು. ಹಗಲು ಕಚೇರಿ, ಬೆಳಗ್ಗೆ ಮತ್ತು ಸಂಜೆ ಬೌಬಜಾರ್ ಬೀದಿಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ಹೀಗೆ ಹತ್ತು ವರ್ಷ ನಡೆಯಿತು. 1917ರಲ್ಲಿ ಕೈತುಂಬ ಸಂಬಳದ ಹುದ್ದೆ ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಬಂದರು. (ಇಂದು ಮನೆಯಲ್ಲಿ ಹೀಗೊಂದು ಮಾತು ತೆಗೆದರೆ ಅಪ್ಪ ಅಮ್ಮ ಏನನ್ನುತ್ತಾರೋ!) 1928ರ ಫೆಬ್ರವರಿ 28ರಂದು ಹೊರಬಿದ್ದ ರಾಮನ್ ಪರಿಣಾಮ, 1930ರ ನೊಬೆಲ್, ಅದೇ ದಿನದ ನೆನಪಿಗೆ ಬಂದ ರಾಷ್ಟ್ರೀಯ ವಿಜ್ಞಾನ ದಿನ, ಇವೆಲ್ಲ ನಿಮಗೆ ತಿಳಿದವೇ.

1933ರಲ್ಲಿ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿ ಪ್ರವೇಶ ಕೇಳಿಕೊಂಡು ಬಂದಳು. ಅವಳ ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದವರು. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಸ್ಥಾನವೂ ಇತ್ತು. ಆದರೂ, ಹುಡುಗಿ ಎಂಬ ಕಾರಣಕ್ಕೆ ರಾಮನ್ ಬೇಡವೆಂದರು. ಕಮಲಾ ಹಟ ಹಿಡಿದಳು. ಕೊನೆಗೆ ರಾಮನ್ ಒಂದು ವರ್ಷ ಪರೀಕ್ಷಾರ್ಥ ಎಂದು ಷರತ್ತು ಹಾಕಿ ಸೇರಿಸಿಕೊಂಡರು. ಮೇರಿ ಕ್ಯೂರಿ, ಲೀಸ ಮೈಟ್ನರ್ ಇಬ್ಬರ ಜನ್ಮದಿನವನ್ನೇ ಹಂಚಿಕೊಂಡ ಮಹಾವಿಜ್ಞಾನಿಯಿಂದ ಇಂಥ ಮಾತು ಬಂತಲ್ಲ ಎಂದು ಬೇಸರವಾಗುತ್ತದೆ. ದೊಡ್ಡವರ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡಬಾರದು. ಕಮಲಾ ಅವರ ಕೆಲಸ ನೋಡಿದ ಮೇಲೆ ಸಂಸ್ಥೆಯ ಬಾಗಿಲು ಬೇರೆ ಹುಡುಗಿಯರಿಗೂ ತೆರೆಯಿತು. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಸಂಶೋಧನೆ ಮಾಡಿದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದರು. 1940ರಲ್ಲಿ ರಾಮನ್ ಪ್ರಯೋಗಾಲಯಕ್ಕೇ ಬಂದು ವಜ್ರ, ಮಾಣಿಕ್ಯಗಳನ್ನು ಅಭ್ಯಸಿಸಿದ ಅಣ್ಣಾ ಮಣಿ ಮುಂದೆ ಹೆಸರಾಂತ ಹವಾಮಾನ ವಿಜ್ಞಾನಿಯಾದರು.

ಜನ್ಮದಿನಗಳಷ್ಟೇ ಅಲ್ಲ, ಈ ದಿನ ನಡೆದ ಘಟನೆಗಳೂ ಇವೆ. 1862ರಲ್ಲಿ ಕೊನೆಯ ಮೊಗಲ್ ದೊರೆ ಬಹಾದುರ್ ಷಾ ಜಫರ್ ರಂಗೂನಿನ ಸೆರೆಯಲ್ಲಿ ತೀರಿಕೊಂಡದ್ದು ಇದೇ ದಿನ. ರಷ್ಯದ ‘ಅಕ್ಟೋಬರ್ ಕ್ರಾಂತಿ’ ನಡೆದದ್ದೂ 1917ರ ನವೆಂಬರ್ 7ರಂದೇ. ಅವರ ಹಳೆಯ ಪಂಚಾಂಗ 13 ದಿನ ಹಿಂದಿದ್ದುದರಿಂದ ಅಲ್ಲಿ ಅದು ಅಕ್ಟೋಬರ್ 25.

1900ರ ನವೆಂಬರ್ 7ರಂದು ಸಾತಾರಾದ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರು ಸೇರಿತು: ಭಿವಾ ರಾಮ್‌ಜಿ ಅಂಬೇಡ್ಕರ್. ಅವನು ಕೂರಲು ಮನೆಯಿಂದಲೇ ಗೋಣಿತಟ್ಟು ತರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರೂ ಇಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅವರೇ ಮುಂದೆ ಇದನ್ನು ಬರೆದಿದ್ದಾರೆ. ಮಹಾರಾಷ್ಟ್ರ ಸರ್ಕಾರ 2017ರಿಂದ ಈ ದಿನವನ್ನು ವಿದ್ಯಾರ್ಥಿ ದಿನವಾಗಿ ಆಚರಿಸುತ್ತಿದೆ.

ಇನ್ನೊಂದು ಘಟನೆ ಎಂಜಿನಿಯರ್ ಆಗುವ ಆಸೆಯಿರುವವರಿಗೆ. ಅಮೆರಿಕದ ಟಕೋಮ ಜಲಸಂಧಿಯ ಮೇಲಿನ ತೂಗುಸೇತುವೆ 1940ರ ಜುಲೈ 1ರಂದು ಸಂಚಾರಕ್ಕೆ ತೆರೆಯಿತು. ಗಾಳಿ ಬಂದಾಗಲೆಲ್ಲ ರಸ್ತೆ ಅಲೆಯಂತೆ ಏಳುತ್ತ ಬೀಳುತ್ತ ಇದ್ದುದರಿಂದ ಜನ ಅದಕ್ಕೆ ‘ಕುಣಿಯುವ ಗರ್ಟಿ’ ಎಂಬರ್ಥದ ಅಡ್ಡಹೆಸರಿಟ್ಟರು. ನವೆಂಬರ್ 7ರಂದು ಗಂಟೆಗೆ ಸುಮಾರು 64 ಕಿ.ಮೀ. ವೇಗದ ಗಾಳಿಗೆ ಸೇತುವೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನೀರಿಗೆ ಬಿತ್ತು. ಬಿರುಗಾಳಿಯಲ್ಲ, ಬರೀ ಜೋರು ಗಾಳಿ! ಗಾಳಿ ಸೇತುವೆಯನ್ನು ತಿರುಚಿತು. ತಿರುಚಿದ ಸೇತುವೆ ಗಾಳಿಯ ಹಿಡಿತಕ್ಕೆ ಇನ್ನಷ್ಟು ಸಿಕ್ಕಿತು. ಪ್ರತಿ ತಿರುವೂ ಹಿಂದಿನದಕ್ಕಿಂತ ದೊಡ್ಡದಾಯಿತು. ಮನುಷ್ಯರು ಯಾರೂ ಸಾಯಲಿಲ್ಲ. ಕಾರೊಂದರಲ್ಲಿ ಉಳಿದುಹೋಗಿದ್ದ ಟಬ್ಬಿ ಎಂಬ ನಾಯಿ ಮಾತ್ರ ಹೊರಗೆ ಬರಲು ಹೆದರಿ, ಕರೆತರಲು ಹೋದವರನ್ನೂ ಕಚ್ಚಿ, ಕಾರಿನೊಂದಿಗೇ ನೀರಿಗೆ ಬಿತ್ತು. ಸೇತುವೆ ಬೀಳುವ ದೃಶ್ಯವನ್ನು ಅಂದೇ ಚಿತ್ರೀಕರಿಸಿದ್ದರು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದನ್ನು ಈಗಲೂ ತೋರಿಸುತ್ತಾರೆ. ಆ ಸೇತುವೆಯ ಮುರಿದ ಭಾಗಗಳು ಇಂದಿಗೂ ಅಲ್ಲೇ ನೀರಿನ ತಳದಲ್ಲಿವೆ.