ಗಾಜಿನ ತೊಟ್ಟಿಯಲ್ಲಿ ಕಡಲ ಏಂಜಲ್ ಮೀನು

ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಒಳನಾಡಿನಲ್ಲಿ ಕಡಲ ಏಂಜಲ್ ಮೀನು ಸಾಕಬಯಸುವವರು ಮೊದಲು ನೀರಿನ ಗುಣವನ್ನು ಅರಿಯಬೇಕು. ಈ ಮೀನು ದುಬಾರಿ, ಅಷ್ಟೇ ನಾಜೂಕು.

ಅಮೋನಿಯ: ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಆಗುವಂತೆಯೇ, ಇದನ್ನು ಸೂಕ್ಷ್ಮಾಣುಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ಹೊಸ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಸುಮಾರು 4ರಿಂದ 6 ವಾರಗಳಲ್ಲಿ ಈ ಸೂಕ್ಷ್ಮಾಣುಗಳು ನೆಲೆಗೊಳ್ಳುತ್ತವೆ. ಪರೀಕ್ಷೆಯಲ್ಲಿ ಇವೆರಡೂ ಶೂನ್ಯಕ್ಕೆ ಇಳಿಯುವವರೆಗೆ ಮೀನು ಬಿಡಬಾರದು.

ಲವಣ: ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಅಡುಗೆ ಉಪ್ಪು ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡಿದ ಸಮುದ್ರ ಲವಣದ ಮಿಶ್ರಣವೇ ಬೇಕು. ನೀರು ಆವಿಯಾದರೂ ಲವಣ ಹಿಂದೆ ಉಳಿಯುತ್ತದೆ. ನಾಲೆ ಬಯಲಿನ ತಗ್ಗು ಜಮೀನು ಚೌಳಾಗುವುದೂ ಹೀಗೆಯೇ. ಆದುದರಿಂದ ಕಡಿಮೆಯಾದಷ್ಟು ಶುದ್ಧ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ.

ಉಷ್ಣತೆ: 24ರಿಂದ 26 ಡಿಗ್ರಿ ಸೆಲ್ಸಿಯಸ್ ಉತ್ತಮ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಗಾಳಿ ಹಾಯಿಸಬೇಕು.

ಹವಳ: ಕೆಲವು ಏಂಜಲ್ ಮೀನುಗಳು ಹವಳವನ್ನು ಕಚ್ಚುತ್ತವೆ. ನಮ್ಮ ಕಡಲಿನ ಹವಳ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ತಾಮ್ರದ ಔಷಧಿ ಹವಳಕ್ಕೆ ಮಾರಕ. ರೋಗಪೀಡಿತ ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು ಉಪಚರಿಸಬೇಕು.

ಹೊಸಬರು ಸಿಹಿನೀರಿನ ಏಂಜಲ್ ಮೀನಿನಿಂದ ಆರಂಭಿಸುವುದು ಲೇಸು.