ಪರಮಾಣು ಸ್ಥಾವರದ ಅಪಘಾತ: ಎಂಟು ದಿನ, ಮುನ್ನೂರು ವರ್ಷ

"ಪರಮಾಣು ಸ್ಥಾವರದಲ್ಲಿ ಅಪಘಾತವಾದರೆ ಸುತ್ತಲಿನ ಹೊಲಗಳು ಎಷ್ಟು ಕಾಲ ಕೆಟ್ಟಿರುತ್ತವೆ, ಸರ್?" ವಿಜಯಪುರದಲ್ಲಿ ನನ್ನ ತರಗತಿಯಲ್ಲಿ ಹೀಗೆ ಕೇಳಿದವನು ತಿಕೋಟಾ ಕಡೆಯ ರೈತನೊಬ್ಬನ ಮಗ. ದ್ರಾಕ್ಷಿತೋಟವನ್ನು ನಂಬಿದ ಮನೆಯವನಿಗೆ ಈ ಪ್ರಶ್ನೆ ಸಹಜವೇ.

ಉತ್ತರವು 'ಅರ್ಧಾಯು' ಎಂಬ ಒಂದು ಪದದಲ್ಲಿ ಅಡಗಿದೆ. ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ತಗಲುವ ಕಾಲವೇ ಅದರ ಅರ್ಧಾಯು. 1986ರ ಏಪ್ರಿಲ್ 26ರಂದು, ಅಂದಿನ ಸೋವಿಯತ್ ಒಕ್ಕೂಟದ ಚೆರ್ನೊಬಿಲ್‌ನಲ್ಲಿ ನಾಲ್ಕನೆಯ ರಿಯಾಕ್ಟರು ಸಿಡಿದು ಇಂಥ ಹಲವು ವಸ್ತುಗಳು ಗಾಳಿಗೆ ಸೇರಿದವು. ಅವುಗಳಲ್ಲಿ ಎರಡನ್ನು ಪರಿಶೀಲಿಸೋಣ.

ಮೊದಲನೆಯದು ಅಯೋಡಿನ್-131. ಇದರ ಅರ್ಧಾಯು ಕೇವಲ 8 ದಿನ. ಮೂರು ತಿಂಗಳಲ್ಲಿ ಇದು ಬಹುತೇಕ ನಿಶ್ಶೇಷವಾಗುತ್ತದೆ. ಆದರೆ ಅಷ್ಟರೊಳಗೆ ಅದು ಹುಲ್ಲಿನ ಮೇಲೆ ಬಿದ್ದಿತು. ಆ ಹುಲ್ಲನ್ನು ಹಸುಗಳು ಮೇದವು. ಅವುಗಳ ಹಾಲನ್ನು ಮಕ್ಕಳು ಕುಡಿದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ಅಯೋಡಿನ್ನನ್ನು ಹೀರಿ ಕೂಡಿಡುತ್ತದೆ. ಸಾಧಾರಣ ಅಯೋಡಿನ್ ಯಾವುದು, ವಿಕಿರಣಶೀಲವಾದದ್ದು ಯಾವುದು ಎಂಬ ಭೇದವನ್ನು ಅದು ಅರಿಯದು. ಅಪಘಾತದ ಕಾಲದಲ್ಲಿ ಎಳೆಯರಾಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಕಂಡುಬಂದಿತು. ಇವುಗಳಲ್ಲಿ ಗಣನೀಯ ಭಾಗಕ್ಕೆ ಈ ಹಾಲೇ ಕಾರಣ. ಹಾಲನ್ನು ಕೆಲವು ವಾರ ತಡೆದಿದ್ದರೆ ಎಷ್ಟೋ ಮಕ್ಕಳು ಪಾರಾಗುತ್ತಿದ್ದರು.

ಎರಡನೆಯದು ಸೀಸಿಯಂ-137, ಅರ್ಧಾಯು 30 ವರ್ಷ. ರಾಸಾಯನಿಕ ಗುಣದಲ್ಲಿ ಇದು ಪೊಟ್ಯಾಸಿಯಮ್ಮಿನ ಬಂಧು. ಆದಕಾರಣ ಬೇರುಗಳು ಇದನ್ನೂ ಹೀರುತ್ತವೆ. ಪೊಟ್ಯಾಶ್ ಗೊಬ್ಬರವನ್ನು ಹೇರಳವಾಗಿ ಹಾಕಿದರೆ ಬೆಳೆಗೆ ಸೇರುವ ಸೀಸಿಯಂ ಕಡಿಮೆಯಾದೀತು. ನೆಲದಲ್ಲಿರುವುದು ಮಾತ್ರ ಬೇಗ ಹೋಗದು. ಕ್ಷಯದಿಂದಲೇ ಅದು ಸಾವಿರದಲ್ಲೊಂದು ಪಾಲಿಗೆ ಇಳಿಯಲು ಹತ್ತು ಅರ್ಧಾಯುಗಳು, ಎಂದರೆ 300 ವರ್ಷಗಳು ಬೇಕು. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಹ ತೀರಿಕೊಂಡದ್ದು 1656ರಲ್ಲಿ. ಆ ವರ್ಷ ಬಬಲೇಶ್ವರದ ಎರೆಹೊಲದ ಮೇಲೆ ಸೀಸಿಯಂ ಬಿದ್ದಿದ್ದರೆ, ಅದು ಇಷ್ಟು ಇಳಿಯಲು 1956ರವರೆಗೆ ಕಾಯಬೇಕಾಗುತ್ತಿತ್ತು!

ನಮ್ಮ ರಾಜ್ಯದ ಕೈಗಾದಲ್ಲಿ ಇಂಥ ದುರಂತ ನಡೆದಿಲ್ಲ. ಆದರೆ 2009ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರೊಂದಕ್ಕೆ ವಿಕಿರಣಶೀಲ ಟ್ರಿಟಿಯಂ ಬೆರೆತು, 50ಕ್ಕೂ ಹೆಚ್ಚು ನೌಕರರ ದೇಹವನ್ನು ಹೊಕ್ಕಿತು. ಟ್ರಿಟಿಯಮ್ಮಿನ ಅರ್ಧಾಯು ಸುಮಾರು 12 ವರ್ಷ. ಆದರೂ ನೀರಿನ ರೂಪದಲ್ಲಿದ್ದುದರಿಂದ, ದೇಹವು ಅದರ ಅರ್ಧಭಾಗವನ್ನು ಹತ್ತು ದಿನಗಳ ಆಸುಪಾಸಿನಲ್ಲಿ ಹೊರಹಾಕುತ್ತದೆ. ನೌಕರರ ಮೂತ್ರವನ್ನು ನಿಯತವಾಗಿ ಪರೀಕ್ಷಿಸುತ್ತಿದ್ದುದರಿಂದಲೇ ಸಂಗತಿ ಬೆಳಕಿಗೆ ಬಂದಿತು.

ಕ್ಷಯದ ವೇಗವನ್ನು ಬದಲಿಸುವುದು ಮನುಷ್ಯನಿಂದಾಗದು. ಅಳೆಯುವುದು, ಅಳೆದುದನ್ನು ಕೂಡಲೇ ಜನರಿಗೆ ತಿಳಿಸುವುದು ಅವನ ಕೈಯಲ್ಲಿದೆ. ಆ ಮಕ್ಕಳ ಕೈಗೆ ಹಾಲಿನ ಲೋಟ ಬರುವ ಮೊದಲು ಬರಬೇಕಾಗಿದ್ದ ಎಚ್ಚರಿಕೆ ಬರಲಿಲ್ಲ.