ನಿಮಗಿದು ಗೊತ್ತೇ? ಆನ್ ಆಗದ ಹಳೇ ಲ್ಯಾಪ್‌ಟಾಪ್‌ನ ಒಳಗುಟ್ಟು

ಬಟನ್ ಒತ್ತಿದರೂ ಪರದೆ ಕಪ್ಪಗೇ ಇದ್ದರೆ ಲ್ಯಾಪ್‌ಟಾಪ್ ಸತ್ತಿತು ಎಂದುಕೊಳ್ಳುವವರೇ ಹೆಚ್ಚು. ಬೆಂಗಳೂರಿನ ತಿಲಕ್ ನಗರದ ಬೀದಿಗೆ ಬರುವ ಗುಜರಿ ಗಾಡಿಗೆ ಹಳೇ ಪೇಪರ್ ಜೊತೆ ಅದನ್ನೂ ಹಾಕಿಬಿಡುವ ಮುನ್ನ ಈ ಸಂಗತಿಗಳು ತಿಳಿದಿರಲಿ.

ಫ್ಯಾನ್ ಸದ್ದು ಕೇಳುತ್ತಿದೆಯೇ? ದೀಪ ಹೊತ್ತಿದೆಯೇ? ಹಾಗಿದ್ದರೆ ಕೆಟ್ಟಿರುವುದು ಬರೀ ಪರದೆಯೂ ಆಗಿರಬಹುದು. ಕೋಣೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕು ಮಸುಕಾಗಿ ಐಕಾನ್‌ಗಳು ಕಂಡರೆ ಬ್ಯಾಕ್‌ಲೈಟ್ ಹೋಗಿದೆ, ಅಷ್ಟೇ. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಮಕ್ಕಳು ಓದಿಕೊಳ್ಳಬಹುದು.

ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿದ್ದೀರಾ? ಬಹುತೇಕ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ. ನಮ್ಮ ಮನೆಗೆ ಬರುವುದು 230. ಹಾಗಾಗಿ ಕರೆಂಟ್ ಸ್ವಲ್ಪ ಡಿಮ್ ಆದ ಮಾತ್ರಕ್ಕೆ ಲ್ಯಾಪ್‌ಟಾಪ್ ಕೆಡುವುದಿಲ್ಲ. ಕೆಡುವುದು ವೈರು, ಅದೂ ಪಿನ್ನಿನ ಬುಡದಲ್ಲಿ, ದಿನವೂ ಮಡಚಿ ಸುತ್ತಿಟ್ಟ ಕಡೆ. ಬದಲಿ ಚಾರ್ಜರ್ ಕೊಳ್ಳುವಾಗ ಪಿನ್ ಹೊಂದಬೇಕು, ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಕೂಡದು.

ಒಂದು ಪೈಸೆ ಖರ್ಚಿಲ್ಲದ ಚಿಕಿತ್ಸೆಯೂ ಇದೆ. ಚಾರ್ಜರ್ ತೆಗೆಯಿರಿ, ಬಿಚ್ಚಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಮದರ್‌ಬೋರ್ಡ್‌ನಲ್ಲಿ ಉಳಿದುಕೊಂಡ ವಿದ್ಯುತ್ ಇಳಿದುಹೋಗುತ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ರಿಪೇರಿಯವರು ಮೊದಲು ಮಾಡಿ ನೋಡುವ ಕೆಲಸಗಳಲ್ಲಿ ಇದೂ ಒಂದು.

ಬೀಪ್ ಬೀಪ್ ಎಂದು ಕೂಗುತ್ತಿದ್ದರೆ ಅದನ್ನು ಎಣಿಸಿ! ಆನ್ ಮಾಡಿದ ಕೂಡಲೇ ಲ್ಯಾಪ್‌ಟಾಪ್ ವಿಂಡೋಸನ್ನು ಹುಡುಕುವುದಿಲ್ಲ. ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ ಮೊದಲು ಎದ್ದು, ರ‍್ಯಾಮ್, ಪ್ರೊಸೆಸರ್, ಪರದೆಗಳ ಹಾಜರಿ ತೆಗೆದುಕೊಳ್ಳುತ್ತದೆ. ಯಾವುದಾದರೂ ಗೈರಾಗಿದ್ದರೆ ತೋರಿಸಲು ಪರದೆಯೇ ಇನ್ನೂ ಸಿದ್ಧವಿರುವುದಿಲ್ಲವಲ್ಲ, ಅದಕ್ಕೇ ಕೂಗಿ ಹೇಳುತ್ತದೆ. ಕೆಲವು ಎಚ್‌ಪಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪ ಮಿಟುಕುತ್ತದೆ, ಕೆಲವು ಡೆಲ್‌ಗಳಲ್ಲಿ ಬ್ಯಾಟರಿ ದೀಪ ಬಣ್ಣ ಬದಲಿಸುತ್ತಾ ಮಿಟುಕುತ್ತದೆ. ಎಷ್ಟು ಸಲ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ರಿಪೇರಿಯವರಿಗೆ ತೋರಿಸಿ, ಅರ್ಧ ಕೆಲಸ ಮುಗಿದಂತೆ.

ಹೆಚ್ಚಿನ ಸಲ ಗೈರಾಗುವುದು ರ‍್ಯಾಮ್. ಹಳೇ ಮಾದರಿಗಳಲ್ಲಿ ತಳದ ಸಣ್ಣ ಮುಚ್ಚಳ ಬಿಚ್ಚಿದರೆ ಅದು ಕೈಗೇ ಸಿಗುತ್ತದೆ. ಬೆರಳುದ್ದದ ಹಸಿರು ಪಟ್ಟಿ, ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. ಡಿಡಿಆರ್3 ಆದರೆ 204, ಡಿಡಿಆರ್4 ಆದರೆ 260. ಎರಡೂ ಬದಿಯ ಕ್ಲಿಪ್ಪನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿಯೇ ಮೇಲೇಳುತ್ತದೆ. ಮಳೆಗಾಲದ ತೇವ, ಬೆಂಗಳೂರಿನ ಧೂಳು ಸೇರಿ ಆ ಹಲ್ಲುಗಳ ಮೇಲೆ ಕೊಳೆ ಕೂತಿರುತ್ತದೆ. ರಿಪೇರಿ ಅಂಗಡಿಯ ಮೇಜಿನ ಮೇಲೆ ಶಾಲೆ ಮಕ್ಕಳ ಬಿಳಿ ರಬ್ಬರ್ ಯಾಕಿರುತ್ತದೆ ಅಂದುಕೊಂಡಿರಿ? ಹಲ್ಲುಗಳನ್ನು ಅದರಿಂದ ಮೆತ್ತಗೆ ಉಜ್ಜಿ, ಪುಡಿ ಊದಿ ತೆಗೆದು, ಮತ್ತೆ ಓರೆಯಾಗಿ ತೂರಿಸಿ ಕ್ಲಿಕ್ ಎನ್ನುವ ತನಕ ಒತ್ತುತ್ತಾರೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ನೀವೇ ಮಾಡುವುದಾದರೆ ಬ್ಯಾಟರಿ ತೆಗೆದಿರಬೇಕು, ಕೈ ಒಣಗಿರಬೇಕು.

ಆನ್ ಆದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆಯೇ? ಒಳಗಿನ ಗುಂಡಿ ಬ್ಯಾಟರಿ ಮುಗಿದಿದೆ. ಬಹಳಷ್ಟು ಹಳೇ ಲ್ಯಾಪ್‌ಟಾಪ್‌ಗಳಲ್ಲಿರುವುದು ಸಿಆರ್2032: 3 ವೋಲ್ಟ್, 20 ಮಿಲಿಮೀಟರ್ ಅಗಲ. ಜಾಲತಾಣಗಳ ಸುರಕ್ಷತಾ ಪತ್ರಕ್ಕೂ ತಾರೀಖಿನ ಗಡುವು ಇರುವುದರಿಂದ, ಗಡಿಯಾರ ತಪ್ಪಿದರೆ ಬ್ಯಾಂಕಿನ ತಾಣವೂ ತೆರೆಯುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದ ಲ್ಯಾಪ್‌ಟಾಪ್ ಆನ್ ಆಗುವುದು ನಿಲ್ಲುವುದಿಲ್ಲ. ಹಾಗೆಂದು ಹೆದರಿಸಿ ಹೊಸದನ್ನು ಮಾರುವವರ ಮಾತು ನಂಬಬೇಡಿ.

ಒಳಗಿನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ತಕ್ಷಣ ಆಫ್ ಮಾಡಿ. ಹಾರ್ಡ್ ಡಿಸ್ಕ್‌ನ ಸದ್ದು ಅದು. ಸಾಮಾನ್ಯ ಲ್ಯಾಪ್‌ಟಾಪ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 90. ಓದುವ ಮುಳ್ಳು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಮುಳ್ಳು ತಾಗಿದ್ದರೆ ಪ್ರತಿ ಸುತ್ತಿಗೂ ನಿಮ್ಮ ಫೋಟೋಗಳು ಕೆರೆದುಹೋಗುತ್ತವೆ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಈಗಲೂ ಓಡಾಡುತ್ತಿದೆ. ದಯವಿಟ್ಟು ಇಡಬೇಡಿ, ಒಳಗೆ ನೀರು ಹನಿಗಟ್ಟುತ್ತದೆ.

ಯಂತ್ರ ಬೇರೆ, ಅದರೊಳಗಿನ ಬರಹ ಬೇರೆ. ಮದರ್‌ಬೋರ್ಡ್ ಸುಟ್ಟಿದ್ದರೂ ಡಿಸ್ಕ್ ಚೆನ್ನಾಗಿರಬಹುದು. ಅದನ್ನು ಹೊರತೆಗೆದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿದರೆ ಪೆನ್‌ಡ್ರೈವ್‌ನಂತೆ ತೆರೆಯುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ 48 ಅಂಕಿಯ ಕೀಲಿ ಬೇಕು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದೆ ತಂದೆ ಟೈಪ್ ಮಾಡಿಟ್ಟ ಲೇಖನವನ್ನು ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ! ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವುಗಳ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಅಕ್ಷರ ರೂಪಗಳನ್ನು ಕೂರಿಸಲಾಗಿತ್ತು. ಅದೇ ಫಾಂಟ್ ಹಾಕಿಕೊಂಡರೆ ಕನ್ನಡ ಮರಳಿ ಬರುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಎಷ್ಟು ಮನೆಗಳಲ್ಲಿ ಅಜ್ಜಿಯ ಹಾಡುಗಳ ಸಂಗ್ರಹ, ಊರಿನ ಇತಿಹಾಸ, ಅರ್ಧ ಬರೆದ ಕಾದಂಬರಿ ಹೀಗೆ ಕೂತಿವೆಯೋ! ಅವನ್ನು ಗುಜರಿಗೆ ಹೋಗಗೊಡಬಾರದು.

ಬಿಡಿಭಾಗ ಬೇಕೇ? ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಹುಡುಕಿ. ಅದರ ಪೂರ್ಣ ಹೆಸರು ಸಾದರ ಪತ್ರಪ್ಪ ರಸ್ತೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ತಿಲಕ್ ನಗರದವರು ಜಯದೇವ ಆಸ್ಪತ್ರೆ ನಿಲ್ದಾಣದಲ್ಲಿ ಹತ್ತಿ, ಆರ್‌ವಿ ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆಆರ್ ಮಾರುಕಟ್ಟೆಯಲ್ಲಿ ಇಳಿದು ನಡೆದರಾಯಿತು. ಹಳೇ ಭಾಗವನ್ನು ಜೊತೆಗೇ ಒಯ್ಯಿರಿ.

ಟಚ್‌ಪ್ಯಾಡ್ ಉಬ್ಬಿದೆಯೇ? ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ಚುಚ್ಚಬೇಡಿ, ಚಾರ್ಜ್ ಮಾಡಬೇಡಿ.

ಎಲ್ಲ ಮಾಡಿಯೂ ಎದ್ದೇಳದಿದ್ದರೆ ಅದು ಇ-ತ್ಯಾಜ್ಯ. ಅದಕ್ಕೂ ನಮ್ಮಲ್ಲೇ ದಾರಿಯಿದೆ: ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ಶುರುವಾಯಿತು. ಬೋರ್ಡ್‌ನಲ್ಲಿ ತಾಮ್ರವೂ ಚೂರು ಚಿನ್ನವೂ ಇರುತ್ತದೆ, ಹಳೆಯದರಲ್ಲಿ ಸೀಸವೂ ಇರುತ್ತದೆ. ಬಯಲಲ್ಲಿ ಸುಟ್ಟರೆ ಆ ವಿಷ ಉಸಿರಿಗೆ ಸೇರುವುದು ಸುಡುವವರ ಮಕ್ಕಳಿಗೆ. ಆದ್ದರಿಂದ ಅಧಿಕೃತ ಸಂಗ್ರಹ ಕೇಂದ್ರಕ್ಕೇ ಕೊಡಿ, ಕೊಡುವ ಮುನ್ನ ಹಾರ್ಡ್ ಡಿಸ್ಕ್ ಬಿಚ್ಚಿ ನಿಮ್ಮ ಬಳಿ ಇಟ್ಟುಕೊಳ್ಳಿ.